ದಾರಿಯಲ್ಲಿ ಹೆಣೆದ ಅಂಗಿ



ಹೂವಿನಹಡಗಲಿಯ ಬಿಸಿಲಿನಲ್ಲಿ ಉಣ್ಣೆಯ ಅಂಗಿ ಹೆಣೆಯುವವಳನ್ನು ಕಂಡರೆ ಯಾರಿಗಾದರೂ ನಗು ಬರುವುದು ಸಹಜವೇ. ನಮ್ಮಲ್ಲಿ ಸ್ವೆಟರು ಪೆಟ್ಟಿಗೆಯಿಂದ ಹೊರಬರುವುದು ವರ್ಷಕ್ಕೆ ನಾಲ್ಕಾರು ವಾರ ಮಾತ್ರ. ಆದರೆ ನನ್ನ ತವರು ಧಾರವಾಡ. ಅಲ್ಲಿ ಶ್ರಾವಣದ ಜಿಟಿಜಿಟಿ ಮಳೆ ಹಿಡಿಯಿತೆಂದರೆ ತೊಟ್ಟಿಲ ಕೂಸಿಗೆ ಬೆಚ್ಚನೆಯದೊಂದು ಬೇಕೇ ಬೇಕು. ಹೀಗಾಗಿ ನನ್ನ ಹೆಣಿಗೆಯೆಲ್ಲ ಈ ಎರಡು ಊರುಗಳ ನಡುವಣ ಬಸ್ಸುಗಳಲ್ಲಿಯೇ ಸಾಗುತ್ತದೆ.

ಮುಂಡರಗಿ, ಗದಗ, ಹುಬ್ಬಳ್ಳಿ ಎಂದು ಬಸ್ಸು ಬದಲಿಸುತ್ತ ಹೋಗುವ ದಾರಿಯದು. ತುಂಗಭದ್ರೆಯ ಸೇತುವೆ ದಾಟಿದ ಮೇಲೆಯೇ ನಾನು ಕೈಚೀಲ ಬಿಚ್ಚುವುದು. ಉದ್ದನೆಯ ಕಡ್ಡಿಗಳು ಬಸ್ಸಿಗೆ ಸಲ್ಲವು. ಪಕ್ಕದವರ ಪಕ್ಕೆಗೆ ಚುಚ್ಚುತ್ತವೆ. ಎರಡು ಗಿಡ್ಡ ಕಡ್ಡಿಗಳ ನಡುವೆ ಮೆತ್ತನೆಯ ತಂತಿ ಇರುವಂಥದು ಉತ್ತಮ. ಅಂಚಿಗೆ 12ನೆಯ ಸಂಖ್ಯೆಯದು, ಮೈಗೆ 10ನೆಯದು. ಸಂಖ್ಯೆ ಏರಿದಂತೆ ಕಡ್ಡಿ ಸಣ್ಣದಾಗುತ್ತದೆ ಎಂಬುದನ್ನು ಹೊಸಬರು ಮರೆಯಬಾರದು. ದಾರದ ಉಂಡೆ ಚೀಲದೊಳಗೇ ಇರಲಿ. ಒಮ್ಮೆ ನನ್ನ ಉಂಡೆ ಉರುಳಿ ಚಾಲಕನ ಆಸನದವರೆಗೆ ಹೋಯಿತು. ನಿರ್ವಾಹಕರು ಅದನ್ನು ಸುತ್ತಿಕೊಂಡು ತಂದು ಕೊಟ್ಟು, "ಯಕ್ಕಾ, ಇದಕ್ಕೂ ಟಿಕೆಟ್ ತಗೋಬೇಕಿತ್ತು" ಎಂದರು! ಬಸ್ಸು ಗಕ್ಕನೆ ನಿಂತಾಗ ಕುಣಿಕೆ ಜಾರುವುದುಂಟು. ಅದಕ್ಕೊಂದು ಪಿನ್ನು ಚುಚ್ಚಿಟ್ಟರೆ ಸಾಕು, ಮುಂದಿನ ನಿಲ್ದಾಣದಲ್ಲಿ ಎತ್ತಿಕೊಳ್ಳಬಹುದು. ದಾರಿಯಲ್ಲಿ ಹೂಬಳ್ಳಿಯ ಕಸೂತಿಗೆ ಕೈಹಾಕದೆ ಸೀದಾ ಒಂದು ಸಾಲು, ಉಲ್ಟಾ ಒಂದು ಸಾಲು ಎಂದು ಸಾಗುವುದೇ ಜಾಣತನ.

ದಾರಿಯ ಕೈಗೆಲಸ ನಮ್ಮ ನಾಡಿಗೆ ಹೊಸದಲ್ಲ. ಕುರಿ ಹಿಂಡಿನ ಹಿಂದೆ ನಡೆಯುತ್ತಲೇ ಉಣ್ಣೆ ನೂಲುತ್ತಿದ್ದ ಕುರುಬರನ್ನು ನಮ್ಮ ಹಿರಿಯರು ಬಲ್ಲರು. ಕಡ್ಡಿಯ ಹೆಣಿಗೆಯಾದರೋ ಈಚಿನದು. 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ನಿನವರ ಹೆಣ್ಣುಮಕ್ಕಳ ಶಾಲೆಗಳಲ್ಲಿ ಹೊಲಿಗೆ, ಹೆಣಿಗೆಗಳೂ ಪಾಠವಾಗಿದ್ದವು. ನನಗೆ ಕಲಿಸಿದವಳು ನನ್ನವ್ವ. ಅವಳಿಗೆ ಕಲಿಸಿದವರು ಓಣಿಯ ಒಬ್ಬ ಟೀಚರಮ್ಮ.

ಆ ತವರಿಗೆ ನಾನು ಹನ್ನೆರಡು ವರ್ಷ ಕಾಲಿಟ್ಟಿರಲಿಲ್ಲ. ಅಪ್ಪ ತೀರಿದ ಬಳಿಕ ಹೊಲದ ಪಾಲಿನ ಮಾತು ಬಂತು. ಹೆಣ್ಣುಮಗಳಿಗೂ ಸಮಪಾಲೆಂದು ನಮ್ಮ ರಾಜ್ಯದಲ್ಲಿ 1994ರಲ್ಲಿಯೇ ಕಾಯಿದೆಯಾಗಿತ್ತು. 2005ರಲ್ಲಿ ಅದು ದೇಶಕ್ಕೆಲ್ಲ ಬಂತು. ಕೇಳಿದ್ದು ತಪ್ಪೆಂದು ನಾನು ಇಂದಿಗೂ ಭಾವಿಸುವುದಿಲ್ಲ. ಕೇಳಿದ ರೀತಿ ಒರಟಾಗಿತ್ತೇನೋ. ಅಣ್ಣ ಮಾತು ಬಿಟ್ಟ. ನಾನೂ ಬಿಟ್ಟೆ. ಪಂಚಮಿಗೆ ಕರೆ ಬರಲಿಲ್ಲ. ಕರೆಯದೆ ಹೋಗಲು ನನಗೂ ಮನಸ್ಸಾಗಲಿಲ್ಲ.

2023ರ ಮಳೆಗಾಲದಲ್ಲಿ ಅಣ್ಣನ ಸೊಸೆ ದೂರವಾಣಿ ಮಾಡಿದಳು. "ಅತ್ತಿಯವರ, ಕೂಸಿಗೆ ಐದು ತಿಂಗಳಾತು, ನೀವು ನೋಡೇ ಇಲ್ಲ. ಬರ್ರಿ, ಮಾವನವರು ಏನೂ ಅನ್ನಂಗಿಲ್ಲ." ಅದೇ ಜೂನ್ 11ರಿಂದ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಆರಂಭವಾಗಿತ್ತು. ಖರ್ಚಿನ ನೆವವೂ ಉಳಿಯಲಿಲ್ಲ. ಕೂಸಿರುವ ಮನೆಗೆ ಬರಿಗೈಯಲ್ಲಿ ಹೋಗಬಾರದಷ್ಟೆ. ಅಂಗಡಿಯ ಅಂಗಿ ಒಯ್ಯಲು ಏಕೋ ಒಪ್ಪದೆ ತಿಳಿಹಳದಿ ಉಣ್ಣೆ ಕೊಂಡು ತಂದೆ. ಕೂಸಿನ ಅಳತೆ ಕೇಳಲು ಸಂಕೋಚ; ಅಂದಾಜಿನ ಮೇಲೆಯೇ ಮನೆಯಲ್ಲಿ ಬೆನ್ನು, ಎದೆ ಎರಡನ್ನೂ ಮುಗಿಸಿ, ತೋಳುಗಳನ್ನು ದಾರಿಗೆಂದು ಉಳಿಸಿಕೊಂಡೆ.

ಅಂದು ಗದಗಿನವರೆಗೆ ಪಕ್ಕದಲ್ಲಿ ಕುಳಿತಾಕೆ ನಮ್ಮೂರ ಮಲ್ಲಿಗೆ ಮೊಗ್ಗನ್ನು ಮಡಿಲಲ್ಲಿ ಸುರಿದುಕೊಂಡು ಮಾಲೆ ಕಟ್ಟುತ್ತಿದ್ದರು. ಕಣ್ಣು ಕಿಟಕಿಯ ಹೊರಗೆ, ಬೆರಳು ಮಾತ್ರ ದಾರದ ಮೇಲೆ. ಮಗಳ ಮನೆಗೆ ಹೊರಟಿದ್ದರಂತೆ. "ಮುಟ್ಟೂದರಾಗ ಅರಳತಾವ ನೋಡ್ರಿ" ಎಂದರು. ಇಳಿಯುವಾಗ ಒಂದು ಮೊಳ ಹರಿದು ನನ್ನ ಕೈಗಿತ್ತರು. ನನಗೋ ಮನೆ ಹತ್ತಿರವಾದಂತೆ ಕೈ ನಿಧಾನವಾಗತೊಡಗಿತು. ಹುಬ್ಬಳ್ಳಿ ದಾಟಿದ ಮೇಲೆ ಹೆಣೆದದ್ದನ್ನು ಎರಡು ಸಲ ಬಿಚ್ಚಿದೆ. ಬಾಗಿಲಲ್ಲಿ ಅಣ್ಣನೇ ನಿಂತಿದ್ದರೆ ಏನೆನ್ನಲಿ? ಇದೊಂದೇ ಯೋಚನೆ. ಕೈಗೆ ಆ ಕೆಲಸವಿರದಿದ್ದರೆ ನವಲೂರಿನಲ್ಲಿಯೇ ಇಳಿದು ಹಿಂದಿರುಗುವ ಬಸ್ಸು ಹಿಡಿಯುತ್ತಿದ್ದೆನೋ ಏನೋ.

ಮನೆ ಮುಟ್ಟಿದಾಗ ಒಂದು ತೋಳು ಮಾತ್ರ ಮುಗಿದಿತ್ತು. ಅಣ್ಣ ಪಡಸಾಲೆಯಲ್ಲಿ ಕುಳಿತಿದ್ದ; ಕೂದಲೆಲ್ಲ ಬೆಳ್ಳಗಾಗಿತ್ತು. ಸೊಸೆ ಬಿಡಿ ತುಂಡುಗಳನ್ನು ಕೂಸಿನ ಮೈಗೆ ಹಿಡಿದು ನೋಡುತ್ತಿದ್ದಳು. ಅವನು ಬಹಳ ಹೊತ್ತು ಅದನ್ನೇ ದಿಟ್ಟಿಸಿ, "ಇದೇನವಾ, ಒಂದ ತೋಳಿನ ಅಂಗಿ? ಇನ್ನೊಂದು ಯಾವಾಗ ತರ್ತಿ?" ಎಂದ. ಹನ್ನೆರಡು ವರ್ಷಗಳ ನಂತರದ ಮೊದಲ ಮಾತು ಅದು.

ಎರಡನೆಯ ತೋಳಿಗೆ ದಾರ ಸಾಲದೆ ಬಂತು. ಉಣ್ಣೆಯನ್ನು ಒಂದೇ ಸಲಕ್ಕೆ, ಪಟ್ಟಿಯ ಮೇಲಿನ ಬಣ್ಣದ ಸಂಖ್ಯೆ ನೋಡಿ ಕೊಳ್ಳಬೇಕೆಂದು ಎಷ್ಟೋ ಜನಕ್ಕೆ ಹೇಳಿದ ನಾನೇ ಅಂದು ಎಡವಿದ್ದೆ. ಹೊಸ ಉಂಡೆ ತುಸು ಗಾಢ ಬಣ್ಣದ್ದು. ಕೂಸು ಬೆಳೆದಿರುತ್ತದೆಂದು ಆ ತೋಳನ್ನು ನಾಲ್ಕು ಸಾಲು ಉದ್ದವಾಗಿಯೇ ಹೆಣೆದು, ದೀಪಾವಳಿಗೆ ಹೋಗಿ ಕೂಡಿಸಿ ಹೊಲಿದು ಬಂದೆ. ಹೊಲದ ಮಾತನ್ನು ಇಬ್ಬರೂ ಎತ್ತಲಿಲ್ಲ. ಅದು ಇದ್ದಲ್ಲಿಯೇ ಇದೆ. ಕೂಸು ಮಾತ್ರ ಆ ಎರಡು ಬಣ್ಣದ ತೋಳಿನ ಅಂಗಿ ತೊಟ್ಟು, ಉದ್ದನೆಯ ತೋಳಿನ ಅಂಚನ್ನು ಬಾಯಿಗಿಟ್ಟುಕೊಂಡು ಚೀಪುತ್ತಿತ್ತು.