ಚಹಾ, ಮೊಣಕಾಲು ಮತ್ತು ಬೋರಿನ ನೀರು

ಭಾನುವಾರ ಪೂಜೆ ಮುಗಿಸಿ ಚಹಾ ಕುಡಿಯುವಾಗ ನಮ್ಮ ಬೆಳುಂಕಿಯ ಹಿರಿಯರ ಮಾತು ಎರಡೇ: ಮಳೆ ಮತ್ತು ಮೊಣಕಾಲು. ಇತ್ತೀಚೆಗೆ ಮೂರನೆಯದೊಂದು ಸೇರಿದೆ. ಚಹಾ ಕುಡಿದರೆ ಎಲುಬು ಸವೆಯುತ್ತದೆ ಎಂದು ಕೆಲವರು, ಹಸಿರು ಚಹಾ ಕುಡಿದರೆ ಕೀಲುನೋವು ಬೇರುಸಹಿತ ಹೋಗುತ್ತದೆ ಎಂದು ಇನ್ನು ಕೆಲವರು. ಒಬ್ಬ ತಾಯಿ ಜತ್ತದ ಪೇಟೆಯಿಂದ ದುಬಾರಿ ಪೊಟ್ಟಣ ತರಿಸಿ, ಆ ಹಣ ಹೊಂದಿಸಲು ಮನೆಯ ಹಾಲನ್ನೆಲ್ಲ ಡೇರಿಗೆ ಹಾಕುತ್ತಿದ್ದಾರೆಂದು ತಿಳಿದಾಗ ಇದನ್ನು ಬರೆಯಲೇಬೇಕೆನಿಸಿತು.

ಎರಡು ಮಾತಿನಲ್ಲೂ ಚೂರು ಸತ್ಯವಿದೆ, ಅದಕ್ಕೇ ಅವು ಬೇಗ ಹರಡುತ್ತವೆ. ಚಹಾದ ಒಗರಿಗೆ ಕಾರಣವಾದ ಕೆಟೆಚಿನ್ ಎಂಬ ಪದಾರ್ಥಗಳು ಹಸಿರು ಚಹಾದಲ್ಲಿ ಹೆಚ್ಚು. 1999ರಲ್ಲಿ ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದವರು ಇಲಿಗಳಲ್ಲಿ ಕೀಲುರೋಗ ಬರಿಸಿ ನೋಡಿದರು. ಹಸಿರು ಚಹಾದ ಸಾರ ಕುಡಿದ 18 ಇಲಿಗಳಲ್ಲಿ 8ಕ್ಕೆ ರೋಗ ಬಂತು, ಕುಡಿಯದ 18ರಲ್ಲಿ 17ಕ್ಕೆ ಬಂತು. ಆದರೆ ಅವು ಇಲಿಗಳು. ಕಬ್ಬಿನ ಹೊರೆ ಹೊತ್ತು ಸವೆದ ಮೊಣಕಾಲು ಬೇರೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 1,256 ವಯಸ್ಸಾದ ಮಹಿಳೆಯರನ್ನು ಪರೀಕ್ಷಿಸಿದಾಗ ಚಹಾ ಕುಡಿಯುವವರ ಎಲುಬಿನ ಸಾಂದ್ರತೆ ಸುಮಾರು ಶೇಕಡಾ 5ರಷ್ಟು ಹೆಚ್ಚಿತ್ತೆಂದು 2000ದಲ್ಲಿ ಪ್ರಕಟವಾಯಿತು. ಚಹಾವೇ ಅದಕ್ಕೆ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ, ಆದರೆ ಚಹಾ ಎಲುಬು ತಿನ್ನುತ್ತದೆಂಬ ಭಯವಂತೂ ನಿಲ್ಲುವುದಿಲ್ಲ. ಚಹಾದ ಕೆಫೀನಿನಿಂದ ಮೂತ್ರದಲ್ಲಿ ಸ್ವಲ್ಪ ಸುಣ್ಣದಂಶ ಹೋಗುವುದು ನಿಜ. ಒಂದೆರಡು ಚಮಚ ಹಾಲು ಆ ನಷ್ಟ ತುಂಬುತ್ತದೆ.

ನಮ್ಮ ಚಿಂತೆ ಬೇರೆಯೇ ಇದೆ, ಅದು ಫ್ಲೋರೈಡ್. ಚಹಾ ಗಿಡ ಇದನ್ನು ಮಣ್ಣಿನಿಂದ ಹೀರಿ ಎಲೆಯಲ್ಲಿ ಕೂಡಿಡುತ್ತದೆ. ಚಿಗುರಿನಲ್ಲಿ ಕಡಿಮೆ, ಬಲಿತ ಎಲೆಯಲ್ಲಿ ಹೆಚ್ಚು. ಬಲಿತ ಎಲೆಯ ಇಟ್ಟಿಗೆ ಚಹಾ ಕುಡಿಯುವ ಟಿಬೆಟಿನ ಜನರಲ್ಲಿ ಎಲುಬಿನ ಫ್ಲೋರೋಸಿಸ್ ಇದೆ. ಅಮೆರಿಕದಲ್ಲಿ 47 ವರ್ಷದ ಮಹಿಳೆಯೊಬ್ಬಳು 17 ವರ್ಷ ದಿನಕ್ಕೆ 100ರಿಂದ 150 ಚಹಾ ಚೀಲಗಳ ಕಷಾಯ ಕುಡಿದು ಅದೇ ರೋಗಕ್ಕೆ ಗುರಿಯಾದದ್ದು 2013ರಲ್ಲಿ ವೈದ್ಯ ಪತ್ರಿಕೆಯಲ್ಲಿ ಬಂತು. ನಾವು ಯಾರೂ ಅಷ್ಟು ಕುಡಿಯುವುದಿಲ್ಲ, ದೇವರ ದಯೆ! ಆದರೆ ಆಳದ ಬೋರಿನ ನೀರಲ್ಲೇ ಫ್ಲೋರೈಡ್ ಇದ್ದರೆ ಚಹಾ ಅದಕ್ಕೆ ಇನ್ನಷ್ಟು ಕೂಡಿಸುತ್ತದೆ. ನೀರು ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಬತ್ತಿದಷ್ಟೂ ಗಟ್ಟಿಯಾಗುತ್ತದೆ. ಮುಂಜಾನೆ ಇಟ್ಟ ಪಾತ್ರೆಯನ್ನೇ ಸಂಜೆವರೆಗೆ ಕುದಿಸುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ?

ಈ ರೋಗವನ್ನು ನಮ್ಮ ದೇಶದಲ್ಲಿ ಮೊದಲು ಗುರುತಿಸಿದವರು ರೈತರೇ ಎನ್ನುತ್ತಾರೆ. 1930ರ ದಶಕದಲ್ಲಿ ಆಂಧ್ರದ ಕಡೆ ಎತ್ತುಗಳು ಕೀಲು ಬಿಗಿದು ನೊಗಕ್ಕೆ ಬಾರದಾದವು. 1937ರಲ್ಲಿ ನೆಲ್ಲೂರು ಸೀಮೆಯ ಮನುಷ್ಯರಲ್ಲೂ ಅದು ಕಂಡಿತು. ಮೊದಲು ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ವರ್ಷಗಳ ನಂತರ ಬೆನ್ನು ಕುತ್ತಿಗೆ ಬಿಗಿತ. ಬಿಗಿದ ಕೀಲನ್ನು ಸಡಿಲಿಸುವ ಔಷಧಿಯಿಲ್ಲ. ಹಾಲು, ಎಳ್ಳು, ನುಗ್ಗೆಸೊಪ್ಪಿಲ್ಲದ ಊಟದವರಲ್ಲಿ ಇದು ಜೋರು. ಆದ್ದರಿಂದ ಹಾಲು ಮಾರಿ ಹಸಿರು ಚಹಾ ಕೊಳ್ಳುವುದು ನಮ್ಮ ದೃಷ್ಟಿಯಲ್ಲಿ ತಲೆಕೆಳಗಾದ ವ್ಯಾಪಾರ. ಒಂದು ಲೋಟ ಹಾಲು ಮನೆಯಲ್ಲಿ ಉಳಿಯಲಿ, ಮೊದಲು ಮಕ್ಕಳಿಗೆ ಮತ್ತು ಬಾಣಂತಿಗೆ.

ಚಹಾ ಬಿಡಿ ಎಂದು ನಾವು ಹೇಳುವುದಿಲ್ಲ, ನಾವೇ ಬಿಟ್ಟಿಲ್ಲ. ದಿನಕ್ಕೆ ಎರಡು ಮೂರು ಕಪ್ಪು, ಪ್ರತಿ ಸಲ ಹೊಸ ಪುಡಿ, ಊಟವಾದ ಒಂದು ಗಂಟೆ ಬಿಟ್ಟು. ಊಟದ ಜೊತೆ ಕುಡಿದರೆ ಸೊಪ್ಪು ಕಾಳುಗಳ ಕಬ್ಬಿಣದಂಶ ದಕ್ಕುವುದಿಲ್ಲ. ರಕ್ತ ಕಡಿಮೆಯೆನ್ನುವ ತಾಯಂದಿರು ಇದನ್ನು ಗಮನಿಸಬೇಕು.

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ನಾಲಿಗೆಗೆ ಇದು ಗೊತ್ತಾಗುವುದಿಲ್ಲ. ಭೂಜಲ ಸರ್ವೇಕ್ಷಣ ಇಲಾಖೆಯ ಪ್ರಯೋಗಶಾಲೆಗಳಲ್ಲಿ ಪರೀಕ್ಷೆ ಮಾಡುತ್ತಾರೆ. ಬರುವ ಭಾನುವಾರ ಪ್ರತಿ ಮನೆಯವರೂ ತಮ್ಮ ಬೋರಿನ ಒಂದು ಲೀಟರ್ ನೀರನ್ನು ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ತನ್ನಿ, ಗಾಜಿನದು ಬೇಡ. ಮೇಲೆ ಹೊಲದ ಹೆಸರು, ಬೋರಿನ ಆಳ ಬರೆದಿರಲಿ. ಸೋಮವಾರ ನಾವೇ ಒಯ್ದು ಕೊಡುತ್ತೇವೆ.