ವಿಜ್ಞಾನೋಪನ್ಯಾಸ ಮತ್ತು ಕನ್ನಡದ ಕೇಳುಗ

ಕನ್ನಡ ಮತ್ತು ವಿಜ್ಞಾನದ ಸಂಬಂಧವನ್ನು ಕುರಿತು ಕನ್ನಡ ವಿಭಾಗಗಳಲ್ಲಿ ನಡೆಯುವ ಚರ್ಚೆ ಬಹುಮಟ್ಟಿಗೆ ಎರಡು ದಾರಿಗಳಲ್ಲಿ ಸಾಗುತ್ತ ಬಂದಿದೆ. ಒಂದು, ಪಾರಿಭಾಷಿಕ ಪದಗಳ ರಚನೆ. ಇನ್ನೊಂದು, ವಿಜ್ಞಾನ ಗ್ರಂಥಗಳ ಇತಿಹಾಸ. ಸಾಹಿತ್ಯ ಚರಿತ್ರೆಯ ಕೊನೆಯ ಭಾಗದಲ್ಲಿ ‘ವಿಜ್ಞಾನ ಸಾಹಿತ್ಯ’ಕ್ಕೆಂದು ನಾಲ್ಕು ಪುಟ ಮೀಸಲಿಟ್ಟು, ಬೆಳ್ಳಾವೆ ವೆಂಕಟನಾರಣಪ್ಪನವರಿಂದ ಬಿ.ಜಿ.ಎಲ್. ಸ್ವಾಮಿಯವರವರೆಗೆ ಹೆಸರುಗಳನ್ನು ಸಾಲಾಗಿ ನಿಲ್ಲಿಸಿದರೆ ಕೆಲಸ ಮುಗಿಯಿತೆಂಬ ಭಾವನೆಯಿದೆ. ಈ ಎರಡೂ ದಾರಿಗಳು ಬರಹವನ್ನೇ ಪ್ರಮಾಣವಾಗಿ ಇಟ್ಟುಕೊಂಡಿವೆ. ಜನರೆದುರು ನಿಂತು ವಿಜ್ಞಾನವನ್ನು ಮಾತಿನಲ್ಲಿ ಹೇಳುವ, ಹೇಳಿದ ಮೇಲೆ ಕೇಳುಗರ ಪ್ರಶ್ನೆಗೆ ಉತ್ತರಿಸಬೇಕಾಗುವ ಸಾರ್ವಜನಿಕ ಉಪನ್ಯಾಸವೆಂಬ ಪ್ರಕಾರ ಚರ್ಚೆಯಿಂದ ಹೊರಗೇ ಉಳಿದಿದೆ. ಒಂದು ಭಾಷೆ ವಿಜ್ಞಾನವನ್ನು ಧರಿಸಬಲ್ಲುದೇ ಎಂಬುದು ಪದಕೋಶಕ್ಕಿಂತ ಹೆಚ್ಚಾಗಿ ಆ ಪ್ರಶ್ನೋತ್ತರದ ಹೊತ್ತಿನಲ್ಲಿ ಪರೀಕ್ಷೆಗೆ ಒಳಗಾಗುತ್ತದೆ. ಆದ್ದರಿಂದ ಈ ಮರೆವು ಸಣ್ಣದೇನಲ್ಲ.

ಆರಂಭದವರಿಗೆ ಈ ಮರೆವು ಇರಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆಯವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರತಂದರು. ಅದು ನಡೆದದ್ದು ಎರಡೇ ವರ್ಷ. ಅದರ ಹಿಂದಿದ್ದ ಸಂಸ್ಥೆಯ ಹೆಸರು ಕರ್ನಾಟಕ ವಿಜ್ಞಾನ ಪ್ರಚಾರಿಣಿ ಸಮಿತಿ. ಹೆಸರಿನಲ್ಲಿರುವ ‘ಪ್ರಚಾರಿಣಿ’ ಎಂಬ ಮಾತನ್ನು ಗಮನಿಸಬೇಕು. ವಿಜ್ಞಾನವನ್ನು ಜನರ ನಡುವೆ ಸಂಚರಿಸುವಂತೆ ಮಾಡುವುದು ಅದರ ಹಂಬಲ. ಇದೇ ಬೆಳ್ಳಾವೆಯವರು ಮುಂದೆ ಸಾಹಿತ್ಯ ಪರಿಷತ್ತಿಗಾಗಿ ಪಂಪಭಾರತದ ಸಂಪಾದನೆಯ ಮುಂದಾಳಾದರು. ಆ ಆವೃತ್ತಿ 1931ರಲ್ಲಿ ಪ್ರಕಟವಾಯಿತು. ಭೌತಶಾಸ್ತ್ರದ ಅಧ್ಯಾಪಕರೊಬ್ಬರು ಆದಿಕವಿಯ ಪಾಠವನ್ನು ನಿರ್ಣಯಿಸಲು ಕುಳಿತದ್ದು ಅಂದು ಯಾರಿಗೂ ವಿಚಿತ್ರವೆನಿಸಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯವು 1930ರ ದಶಕದಲ್ಲಿ ಕೈಗೊಂಡ ಪ್ರಚಾರೋಪನ್ಯಾಸಗಳೂ ಇದೇ ಮನೋಧರ್ಮದ ಮುಂದುವರಿಕೆ. ಅಧ್ಯಾಪಕನೇ ಊರಿಗೆ ಹೋಗಿ ಕನ್ನಡದಲ್ಲಿ ಮಾತನಾಡುವುದು, ಆ ಮಾತನ್ನು ಚಿಕ್ಕ ಪುಸ್ತಕವಾಗಿ ಅಚ್ಚುಹಾಕುವುದು ಅದರ ಕ್ರಮವಾಗಿತ್ತು. ಇಂದು ಗ್ರಂಥಾಲಯಗಳ ಮೂಲೆಯಲ್ಲಿ ಸಿಗುವುದು ಆ ಪುಸ್ತಕಗಳು ಮಾತ್ರ. ಕೇಳಿದವರು ಏನು ಕೇಳಿದರು, ಎಲ್ಲಿ ನಕ್ಕರು, ಎಲ್ಲಿ ಎದ್ದು ಹೋದರು ಎಂಬುದು ಪುಸ್ತಕದಲ್ಲಿ ಇಲ್ಲ.

ಸ್ವಾತಂತ್ರ್ಯಾನಂತರದ ಬೆಂಗಳೂರಿನಲ್ಲಿ ಸಾರ್ವಜನಿಕ ವಿಜ್ಞಾನೋಪನ್ಯಾಸಕ್ಕೆ ಗಟ್ಟಿಯಾದ ನೆಲೆಯೊಂದು ದೊರಕಿದ್ದು ಎಚ್. ನರಸಿಂಹಯ್ಯನವರಿಂದ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿ, ಅಮೆರಿಕದಲ್ಲಿ ಪರಮಾಣು ಬೀಜ ಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡಿ ಬಂದ ಈ ಖಾದಿಧಾರಿ 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿದರು. ಬುಧವಾರದ ಸಂಜೆಯ ಉಪನ್ಯಾಸ ಅಲ್ಲಿಯ ನೇಮವಾಯಿತು. ಪ್ರವೇಶಕ್ಕೆ ಶುಲ್ಕವಿಲ್ಲ, ಪದವಿ ಕೇಳುವವರಿಲ್ಲ. ನಿವೃತ್ತ ಗುಮಾಸ್ತನೂ ಪಿ.ಯು.ಸಿ. ಹುಡುಗನೂ ಒಂದೇ ಸಾಲಿನಲ್ಲಿ ಕುಳಿತು ಟಾಟಾ ಇನ್‌ಸ್ಟಿಟ್ಯೂಟಿನ ಪ್ರಾಧ್ಯಾಪಕರ ಮಾತು ಕೇಳಬಹುದಾದ ಜಾಗ ಊರಿನಲ್ಲಿ ಮತ್ತೆಷ್ಟು ಇದ್ದವು? ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂಬುದು ನರಸಿಂಹಯ್ಯನವರ ಬದುಕಿನ ನಿಲುವು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದ ಅವರು ಅದೇ ನಿಲುವನ್ನು ಬುಧವಾರದ ಸಭಾಂಗಣಕ್ಕೂ ಕೊಟ್ಟರು. ಅವರು 2005ರಲ್ಲಿ ತೀರಿಕೊಂಡ ಮೇಲೂ ಆ ಸಭಾಂಗಣದಲ್ಲಿ ಉಪನ್ಯಾಸಗಳು ನಿಲ್ಲಲಿಲ್ಲ.

ಇಷ್ಟೆಲ್ಲ ಗೌರವವಿಟ್ಟುಕೊಂಡೇ ಒಂದು ಮಾತನ್ನು ಹೇಳಬೇಕಾಗಿದೆ. ಈ ಉಪನ್ಯಾಸಗಳ ಬಹುಪಾಲು ಇಂಗ್ಲಿಷಿನಲ್ಲಿ ನಡೆದಿವೆ. ಅನಂತರ ನಗರದಲ್ಲಿ ಹುಟ್ಟಿಕೊಂಡ ವೇದಿಕೆಗಳ ಸ್ಥಿತಿಯೂ ಬೇರೆಯಲ್ಲ. ಒಂದು ಜನಪ್ರಿಯ ಉಪನ್ಯಾಸ ಸರಣಿಗೆ ‘ಕಾಪಿ ವಿತ್ ಕ್ಯೂರಿಯಾಸಿಟಿ’ ಎಂಬ ಹೆಸರಿದೆ. ನಗರದ ನಾಲಿಗೆಯ ಮೇಲಿನ ‘ಕಾಪಿ’ ಹೆಸರಿಗೆ ಬಂತು, ಮಾತು ಮಾತ್ರ ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ಉಳಿಯಿತು. ಕನ್ನಡಕ್ಕೆ ಸ್ಥಾನವೇ ಇಲ್ಲವೆಂದಲ್ಲ. ‘ಬಾಲ ವಿಜ್ಞಾನ’ ಪತ್ರಿಕೆ, 1980ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು, ನೆಹರೂ ತಾರಾಲಯದ ಕನ್ನಡ ಪ್ರದರ್ಶನಗಳು ಮಾಡಿದ ಕೆಲಸ ದೊಡ್ಡದು. ಆದರೆ ಅವುಗಳ ಮುಖ್ಯ ಕೇಳುಗ ಶಾಲೆಯ ಮಗು. ಹೀಗಾಗಿ ಕನ್ನಡದ ವಿಜ್ಞಾನ ಮಕ್ಕಳಿಗೆ, ಇಂಗ್ಲಿಷಿನ ವಿಜ್ಞಾನ ದೊಡ್ಡವರಿಗೆ ಎಂಬ ಅಘೋಷಿತ ವಿಭಜನೆ ಏರ್ಪಟ್ಟಿದೆ. ಕನ್ನಡದಲ್ಲಿ ವಿಜ್ಞಾನವನ್ನು ‘ಸರಳವಾಗಿ ತಿಳಿಸಿಕೊಡ’ಬೇಕೆಂದು ಎಲ್ಲರೂ ಹೇಳುತ್ತಾರೆ, ಕನ್ನಡದಲ್ಲಿ ವಿಜ್ಞಾನಿಯೊಡನೆ ವಾದ ಮಾಡುವ ವಯಸ್ಕನೊಬ್ಬನಿದ್ದಾನೆಂದು ಊಹಿಸುವವರು ವಿರಳ.

ಮಹಾನಗರದ ಸಭೆಯಲ್ಲಿ ಹಲವು ಭಾಷೆಯವರು ಕೂಡಿರುತ್ತಾರೆ, ವಿಜ್ಞಾನಿಗಳಲ್ಲಿ ಅನೇಕರಿಗೆ ಕನ್ನಡ ಬಾರದು ಎಂಬ ಸಮಾಧಾನವಿದೆ. ಅದು ಸುಳ್ಳಲ್ಲ. ಆದರೆ ಉಪನ್ಯಾಸ ಇಂಗ್ಲಿಷಿನಲ್ಲಿದ್ದರೂ ಪ್ರಶ್ನೆ ಕನ್ನಡದಲ್ಲಿ ಬರುವುದಕ್ಕೆ ಅದು ಅಡ್ಡಿಯಾಗಬೇಕಾಗಿಲ್ಲ. ಅಧ್ಯಕ್ಷಸ್ಥಾನದಲ್ಲಿರುವವರು ಎರಡು ವಾಕ್ಯಗಳಲ್ಲಿ ಅದನ್ನು ದಾಟಿಸಬಲ್ಲರು. ಕನ್ನಡ ಬಲ್ಲ ಕೇಳುಗನೇ ತನ್ನ ಪ್ರಶ್ನೆಯನ್ನು ಮನಸ್ಸಿನಲ್ಲಿ ಇಂಗ್ಲಿಷಿಗೆ ಜೋಡಿಸುತ್ತ ಕುಳಿತು, ಜೋಡಣೆ ಮುಗಿಯುವಷ್ಟರಲ್ಲಿ ವಂದನಾರ್ಪಣೆ ಶುರುವಾಗಿರುವುದು ಇಂಥ ಸಭೆಗಳನ್ನು ಕಂಡವರಿಗೆಲ್ಲ ಗೊತ್ತಿರುವ ಸಂಗತಿ.

ಸಭಾಂಗಣದ ಒಳಗಿನ ಈ ಕೇಳುಗನಿಗಿಂತ ಹೊರಗಿನವನ ವಿಷಯ ಇನ್ನೂ ಗಂಭೀರ. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಬಸವನಗುಡಿಯಿಂದ ನೂರು ಕಿಲೋಮೀಟರಿಗೂ ದೂರದ ಈ ಊರಿನವನು ಸಂಜೆಯ ಉಪನ್ಯಾಸ ಕೇಳಿ ರಾತ್ರಿ ಊರು ಸೇರುವುದು ಕಷ್ಟ. ಹಾಗೆಂದು ಅವನಿಗೆ ವಿಜ್ಞಾನದ ಮಾತೇ ತಲುಪಿಲ್ಲವೆಂದು ತಿಳಿದರೆ ತಪ್ಪಾಗುತ್ತದೆ. ಕ್ಯಾತನಹಳ್ಳಿ ರೈತ ಸಂಘದ ನಾಯಕರಾಗಿದ್ದ ಕೆ.ಎಸ್. ಪುಟ್ಟಣ್ಣಯ್ಯನವರ ಊರು. ಸಂಘ ಹುಟ್ಟಿದ್ದು 1980ರಲ್ಲಿ. ಮುಂದಿನ ದಶಕದಲ್ಲಿ ಗ್ಯಾಟ್ ಒಪ್ಪಂದ, ಬೀಜದ ಮೇಲಿನ ಹಕ್ಕು, ಪೇಟೆಂಟು, ವಂಶವಾಹಿ ಇವೆಲ್ಲ ರೈತ ಸಂಘದ ಸಭೆಗಳಲ್ಲಿ, ಪಂಚೆ ಉಟ್ಟು ಹಸಿರು ಟವೆಲ್ ಹೊದ್ದವರ ಎದುರಿನಲ್ಲಿ ಚರ್ಚೆಯಾದವು. ‘ಕುಲಾಂತರಿ’ ಎಂಬ ಪದ ಇಂದು ಎಲ್ಲರ ಬಾಯಲ್ಲಿರುವುದು ಪತ್ರಿಕೆಗಳಲ್ಲಿ, ಚಳವಳಿಯ ವೇದಿಕೆಗಳಲ್ಲಿ ಬಳಸಿ ಬಳಸಿ ನೆಲೆಗೊಂಡದ್ದರಿಂದ. ಜೀವಶಾಸ್ತ್ರವನ್ನೂ ಅರ್ಥಶಾಸ್ತ್ರವನ್ನೂ ಒಂದೇ ಉಸಿರಿನಲ್ಲಿ ಹೇಳುವ ಕನ್ನಡವೊಂದು ಅಲ್ಲಿ ರೂಪುಗೊಂಡಿತು. ಸಾಹಿತ್ಯ ಚರಿತ್ರೆಯ ಆ ನಾಲ್ಕು ಪುಟಗಳಲ್ಲಿ ಅದಕ್ಕೊಂದು ಸಾಲೂ ಸಿಕ್ಕಿಲ್ಲ.

ಆ ಮಾತು ದೋಷರಹಿತವಾಗಿತ್ತೆಂದು ವಾದಿಸಬೇಕಾಗಿಲ್ಲ. 1998ರ ಕೊನೆಯಲ್ಲಿ ರಾಯಚೂರು, ಬಳ್ಳಾರಿ ಕಡೆಯ ಬಿ.ಟಿ. ಹತ್ತಿಯ ಪ್ರಯೋಗ ತಾಕುಗಳಿಗೆ ರೈತ ಸಂಘದವರು ಬೆಂಕಿಯಿಟ್ಟಾಗ, ಆ ಗಿಡಗಳಲ್ಲಿ ಬೀಜವನ್ನು ಬಂಜೆಯಾಗಿಸುವ ‘ಟರ್ಮಿನೇಟರ್’ ತಂತ್ರವಿದೆಯೆಂಬ ನಂಬಿಕೆ ಬಲವಾಗಿ ಹರಡಿತ್ತು. ಬಿ.ಟಿ. ಹತ್ತಿಯಲ್ಲಿದ್ದದ್ದು ಕಾಯಿಕೊರಕ ಹುಳುವನ್ನು ಕೊಲ್ಲುವ ವಂಶವಾಹಿ. ಟರ್ಮಿನೇಟರ್ ತಂತ್ರ ಬೇರೆಯೇ ಆದದ್ದು. ಅದು ಮಾರುಕಟ್ಟೆಗೆ ಬರಲೂ ಇಲ್ಲ. ಬೀಜದ ಒಡೆತನದ ಬಗೆಗಿನ ರೈತರ ಆತಂಕ ನಿಜವಾಗಿತ್ತು, ಗಿಡದ ಬಗೆಗಿನ ತಿಳಿವಳಿಕೆ ತಪ್ಪಾಗಿತ್ತು. ಇವೆರಡನ್ನೂ ಬಿಡಿಸಿ ಹೇಳಬಲ್ಲವರು ಬೆಂಗಳೂರಿನಲ್ಲಿ ಇದ್ದರು. ಆದರೆ ಅವರು ಒಂದು ಸಭಾಂಗಣದಲ್ಲಿ ಇಂಗ್ಲಿಷಿನಲ್ಲಿ ಮಾತನಾಡುತ್ತಿದ್ದರು, ರೈತರು ಇನ್ನೊಂದು ಮೈದಾನದಲ್ಲಿ ಕನ್ನಡದಲ್ಲಿ ಮಾತನಾಡುತ್ತಿದ್ದರು. ಬಿ.ಟಿ. ಬದನೆಯ ಬಗ್ಗೆ 2010ರ ಫೆಬ್ರುವರಿಯಲ್ಲಿ ಕೇಂದ್ರದ ಪರಿಸರ ಸಚಿವರು ಬೆಂಗಳೂರಿನಲ್ಲಿ ಸಾರ್ವಜನಿಕ ಸಮಾಲೋಚನೆ ನಡೆಸಿದಾಗ ಇಬ್ಬರೂ ಒಂದೇ ಸೂರಿನಡಿ ಬಂದರು. ಅಷ್ಟು ಹೊತ್ತಿಗೆ ಎರಡೂ ಕಡೆ ಮಾತು ಗಟ್ಟಿಯಾಗಿ, ಕಿವಿ ಮುಚ್ಚಿಹೋಗಿತ್ತು.

ಇದೇ ಕಥೆ ಈಚೆಗೆ ಕ್ಯಾತನಹಳ್ಳಿಯ ತಾಲ್ಲೂಕಿನಲ್ಲೇ ಬೇಬಿ ಬೆಟ್ಟದ ಹೆಸರಿನಲ್ಲಿ ನಡೆಯಿತು. 2018ರ ಸೆಪ್ಟೆಂಬರ್ 25ರಂದು ಕನ್ನಂಬಾಡಿಯ ಸುತ್ತ ಭಾರಿ ಸದ್ದು ಕೇಳಿಸಿದಾಗ ಅದು ಸ್ಫೋಟದ್ದೆಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ತನ್ನ ಮಾಪನದಿಂದ ತಿಳಿಸಿತು. ಕಲ್ಲುಗಣಿಯಿಂದ ಅಣೆಕಟ್ಟೆಗೆ ಅಪಾಯವಿದೆಯೇ ಎಂದು ನೋಡಲು 2022ರ ಜುಲೈನಲ್ಲಿ ಧನಬಾದ್‌ನ ವಿಜ್ಞಾನಿಗಳು ಪರೀಕ್ಷಾರ್ಥ ಸ್ಫೋಟಕ್ಕೆಂದು ಬಂದರು. ರೈತರ ವಿರೋಧದಿಂದ ಅದು ನಿಂತುಹೋಯಿತು. ಕೃಷ್ಣರಾಜಸಾಗರದ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ಉಚ್ಚ ನ್ಯಾಯಾಲಯ ತಡೆದದ್ದು 2024ರ ಜನವರಿಯಲ್ಲಿ. ರೈತರನ್ನು ‘ವಿಜ್ಞಾನ ವಿರೋಧಿಗಳು’ ಎಂದು ಕರೆಯುವುದು ಸುಲಭ. ಅವರ ಪ್ರಶ್ನೆಗಳು ಮಾತ್ರ ವಿಜ್ಞಾನದ ಪ್ರಶ್ನೆಗಳೇ. ಸಿಡಿಮದ್ದಿನ ಅದುರು ಬಂಡೆಯೊಳಗೆ ಎಷ್ಟು ದೂರ ಹೋಗುತ್ತದೆ? ಸಿಮೆಂಟಿಲ್ಲದೆ ಸುರ್ಕಿ ಗಾರೆಯಿಂದ ಕಟ್ಟಿದ ಕಟ್ಟೆಗೂ ಇಂದಿನ ಕಾಂಕ್ರೀಟು ಕಟ್ಟೆಗೂ ಒಂದೇ ಅಳತೆಗೋಲು ಸಾಕೇ? ಒಂದೆರಡು ಸ್ಫೋಟದಿಂದ ತಿಳಿದದ್ದು ವರ್ಷಗಟ್ಟಲೆಯ ಸ್ಫೋಟಕ್ಕೆ ಹೊಂದುತ್ತದೆಯೇ? ಸೆಕೆಂಡಿಗೆ ಇಷ್ಟು ಮಿಲಿಮೀಟರ್ ಎಂದು ತಜ್ಞರು ಅಳೆಯುವುದೂ ‘ಮನೆ ಅದುರಿತು’ ಎಂದು ಹಳ್ಳಿಯವರು ಹೇಳುವುದೂ ಒಂದೇ ಸಂಗತಿಯನ್ನು. ಪಠ್ಯಪುಸ್ತಕದ ‘ಕಂಪನ’ ಇವೆರಡರ ನಡುವೆ ಎಲ್ಲೋ ನಿಂತಿದೆ. ಪರೀಕ್ಷೆಗೆ ಮೊದಲು ಪಾಂಡವಪುರದಲ್ಲಿ ಒಂದು ಸಂಜೆ, ಕನ್ನಡದಲ್ಲಿ, ಪ್ರಶ್ನೆಗಳಿಗೆ ಮಿತಿಯಿಲ್ಲದ ಉಪನ್ಯಾಸವೊಂದು ನಡೆದಿದ್ದರೆ ವಿರೋಧ ನಿಲ್ಲುತ್ತಿತ್ತೆಂದು ಹೇಳಲಾಗದು. ವಿರೋಧದ ಆಧಾರ ಎರಡೂ ಕಡೆಯವರಿಗೆ ಸ್ಪಷ್ಟವಾಗುತ್ತಿತ್ತು.

ಇಲ್ಲಿ ಕನ್ನಡ ವಿಭಾಗಗಳಿಗೆ ಏನು ಕೆಲಸ ಎಂಬ ಪ್ರಶ್ನೆ ಏಳಬಹುದು. ಉತ್ತರ ಈ ಪ್ರದೇಶದಲ್ಲೇ ಇದೆ. ನಾಗಮಂಗಲ ತಾಲ್ಲೂಕಿನಿಂದ ಬಂದ ಎಚ್.ಎಲ್. ನಾಗೇಗೌಡ ಮತ್ತು ಜೀ.ಶಂ. ಪರಮಶಿವಯ್ಯನವರು ಹಾಡುವವರ ಮುಂದೆ ಕುಳಿತು ಕೇಳಿ ಸಂಗ್ರಹಿಸಿದ್ದರಿಂದ ಬಾಯಿಮಾತಿನ ಕಾವ್ಯಕ್ಕೆ ವಿಶ್ವವಿದ್ಯಾಲಯದಲ್ಲಿ ಪಠ್ಯದ ಮಾನ್ಯತೆ ದೊರೆಯಿತು. ಯಾರು ಹಾಡಿದರು, ಯಾವ ಊರಿನಲ್ಲಿ, ಕೇಳುಗರು ಹೇಗೆ ದನಿಗೂಡಿಸಿದರು ಎಂಬುದನ್ನು ದಾಖಲಿಸುವ ಶಿಸ್ತು ಜಾನಪದ ಅಧ್ಯಯನಕ್ಕೆ ಕರಗತವಾಗಿದೆ. ಅದೇ ಶಿಸ್ತನ್ನು ಬೀಜದ ಭಾಷಣಕ್ಕೆ, ಮಂಡ್ಯದ ವಿ.ಸಿ. ಫಾರಂನಲ್ಲಿ ತಳಿವಿಜ್ಞಾನಿಗೂ ರೈತನಿಗೂ ನಡೆಯುವ ಮಾತುಕತೆಗೆ, ಬಸವನಗುಡಿಯ ಪ್ರಶ್ನೋತ್ತರಕ್ಕೆ ಅನ್ವಯಿಸಿ ಸಿದ್ಧಪಡಿಸಿದ ಒಂದು ಪಿಎಚ್.ಡಿ. ಪ್ರಬಂಧವಾದರೂ ಬರಬೇಕಾಗಿದೆ. ಪಾರಿಭಾಷಿಕ ಪದಗಳ ಮೇಲೆ ಇನ್ನೊಂದು ಪ್ರಬಂಧ ಬರದಿದ್ದರೆ ನಷ್ಟವೇನಿಲ್ಲ. ಪುಟ್ಟಣ್ಣಯ್ಯನವರು 2018ರ ಫೆಬ್ರುವರಿಯಲ್ಲಿ ತೀರಿಕೊಂಡರು. ಗ್ಯಾಟ್ ಕಾಲದ ರೈತ ಸಭೆಗಳಲ್ಲಿ ನೆಲದ ಮೇಲೆ ಕುಳಿತು ಕೇಳಿದ ತಲೆಮಾರಿಗೆ ಈಗ ವಯಸ್ಸಾಗಿದೆ.