ವಿದ್ವಾಂಸರ ರಹದಾರಿ

2025ನೆಯ ಸೆಪ್ಟೆಂಬರ್ 19ರಂದು ಅಮೇರಿಕಾ ಸಂಯುಕ್ತ ಸಂಸ್ಥಾನಗಳ ಅಧ್ಯಕ್ಷರು ಹೊರಡಿಸಿದ ಘೋಷಣೆಯು ನಮ್ಮ ದೇಶದಲ್ಲಿ ಬಹುಮಟ್ಟಿಗೆ ಕಂಪ್ಯೂಟರ್ ಕಂಪನಿಗಳ ನೌಕರರಿಗೆ ಸಂಬಂಧಪಟ್ಟ ವಿಷಯವೆಂದೇ ಚರ್ಚಿತವಾಯಿತು. ಎಚ್-1ಬಿ ಎಂಬ ತಾತ್ಕಾಲಿಕ ಕೆಲಸದ ರಹದಾರಿಯನ್ನು ಬೇಡಿ ಹೊಸದಾಗಿ ಸಲ್ಲಿಸುವ ಅರ್ಜಿಗೆ ಒಂದು ಲಕ್ಷ ಡಾಲರುಗಳನ್ನು ತೆರಬೇಕೆಂಬುದು ಅದರ ಸಾರಾಂಶ. ಅವಧಿಯು ಹನ್ನೆರಡು ತಿಂಗಳು. ಬೇಕೆಂದರೆ ಮುಂದುವರಿಸುವ ಅವಕಾಶವೂ ಅದರಲ್ಲಿಯೇ ಇದ್ದಿತು. ಬೆಂಗಳೂರಿನ ಕಂಪನಿಗಳ ಷೇರುಗಳ ಏರಿಳಿತವನ್ನು ಕುರಿತು ಅಂಕಣಗಟ್ಟಲೆ ಬರೆದವರು, ವಿಶ್ವವಿದ್ಯಾನಿಲಯಗಳಿಗೆ ಆ ಘೋಷಣೆಯಲ್ಲಿ ವಿನಾಯಿತಿಯನ್ನು ಕೊಟ್ಟಿರಲಿಲ್ಲವೆಂಬ ಸಂಗತಿಗೆ ಹೆಚ್ಚಿನ ಲಕ್ಷ್ಯ ಕೊಟ್ಟಂತೆ ಕಾಣಲಿಲ್ಲ. ನಮಗಾದರೋ ಅದೇ ಮುಖ್ಯವಾದ ಸಂಗತಿಯಾಗಿ ತೋರಿತು.

ಇದರ ಮರ್ಮವನ್ನು ತಿಳಿಯಬೇಕಾದರೆ ಹಿಂದಿನ ಏರ್ಪಾಡನ್ನು ಸ್ವಲ್ಪ ನೋಡಬೇಕು. 1990ನೆಯ ಕಾಯಿದೆಯಂತೆ ಹುಟ್ಟಿದ ಎಚ್-1ಬಿ ರಹದಾರಿಗೆ ವರ್ಷಕ್ಕೆ 65,000 ಎಂಬ ಮಿತಿಯುಂಟು. ಅಮೇರಿಕೆಯಲ್ಲಿಯೇ ಉನ್ನತ ಪದವಿಯನ್ನು ಪಡೆದವರಿಗಾಗಿ 2004ರ ಕಾಯಿದೆಯು ಇನ್ನೂ 20,000ವನ್ನು ಸೇರಿಸಿತು. ಬೇಡುವವರು ಮಿತಿಗಿಂತ ಎಷ್ಟೋ ಹೆಚ್ಚಾದುದರಿಂದ ಚೀಟಿ ಎತ್ತಿ ಆರಿಸುವ ಪದ್ಧತಿಯು ಬಂದಿತು. ಆದರೆ ವಿಶ್ವವಿದ್ಯಾನಿಲಯಗಳನ್ನೂ ಲಾಭದ ದೃಷ್ಟಿಯಿಲ್ಲದ ಸಂಶೋಧನಾಲಯಗಳನ್ನೂ 2000ನೆಯ ಇಸವಿಯಲ್ಲಿ ಅಲ್ಲಿಯ ಶಾಸನಸಭೆಯು ಈ ಮಿತಿಯಿಂದ ಹೊರಗಿಟ್ಟಿತು. ವಿದ್ವಾಂಸನು ಚೀಟಿಯ ಅದೃಷ್ಟವನ್ನು ಕಾಯಬೇಕಾಗಿಲ್ಲ, ವರ್ಷದ ಯಾವ ತಿಂಗಳಿನಲ್ಲಾದರೂ ಬರಬಹುದು, ಮೂರು ವರ್ಷವೂ ಮತ್ತೆ ಮೂರು ವರ್ಷವೂ ಕೆಲಸ ಮಾಡಬಹುದು ಎಂಬುದು ಆ ಉದಾರವಾದ ನಿಯಮದ ಅಭಿಪ್ರಾಯ. ಇಪ್ಪತ್ತೈದು ವರ್ಷಗಳ ಕಾಲ ತೆರೆದಿದ್ದ ಆ ಬಾಗಿಲಿಗೆ ಒಂದು ಲಕ್ಷ ಡಾಲರುಗಳ ಹೊಸ್ತಿಲನ್ನು ಇಟ್ಟಂತಾಯಿತು. ಡಾಕ್ಟರೇಟು ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರುವ ಸಂಶೋಧಕನಿಗೆ ಅಮೇರಿಕೆಯ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು 2024ರಲ್ಲಿ ಗೊತ್ತುಮಾಡಿದ ವರ್ಷಾಶನವು 61,008 ಡಾಲರು. ಒಂದೂವರೆ ವರ್ಷದ ಸಂಬಳಕ್ಕೂ ಮೀರಿದ ಸುಂಕವನ್ನು ತೆತ್ತು ಅವನನ್ನು ಯಾವ ಪ್ರಯೋಗಶಾಲೆಯವರು ಕರೆಸಿಯಾರು?

ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ನಮ್ಮ ವಾಚಕರು ಇದನ್ನು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇವೆ. 2025ರ ಅಕ್ಟೋಬರಿನಲ್ಲಿ ಅಲ್ಲಿಯ ಇಲಾಖೆಯವರು ಕೊಟ್ಟ ವಿವರಣೆಯ ಪ್ರಕಾರ, ಆಗಲೇ ಅಮೇರಿಕೆಯಲ್ಲಿದ್ದುಕೊಂಡು ವಿದ್ಯಾರ್ಥಿಯ ರಹದಾರಿಯಿಂದ ಕೆಲಸದ ರಹದಾರಿಗೆ ಕ್ರಮವಾಗಿ ಬದಲಾಯಿಸಿಕೊಳ್ಳುವವನಿಗೆ ಈ ಸುಂಕವಿಲ್ಲ. ಎಂದರೆ, ತಂದೆಯ ಹಣದಿಂದಲೋ ಬ್ಯಾಂಕಿನ ಸಾಲದಿಂದಲೋ ಅಲ್ಲಿಯ ಕಾಲೇಜುಗಳಿಗೆ ಶುಲ್ಕವನ್ನು ಸುರಿದು ಓದಿದವನು ಪಾರಾದನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೋ ಮೈಸೂರಿನ ಮಾನಸಗಂಗೋತ್ರಿಯಲ್ಲಿಯೋ ಈ ದೇಶದ ಅನ್ನವನ್ನುಂಡು, ಈ ದೇಶದ ಗುರುಗಳ ಕೈಕೆಳಗೆ ಪದವಿಯನ್ನು ಸಂಪಾದಿಸಿದವನು ಹೊಸ್ತಿಲಿನ ಹೊರಗೆ ನಿಂತನು. ಈ ಸುಂಕದ ಭಾರವು ಬಿದ್ದುದು ಒಬ್ಬೊಬ್ಬ ತರುಣನ ಮೇಲೆ ಮಾತ್ರವಲ್ಲ, ನಮ್ಮ ವಿದ್ಯಾಪೀಠಗಳ ಪದವಿಯ ಮೇಲೆಯೇ ಎಂದು ನಾವು ಭಾವಿಸುತ್ತೇವೆ.

ಉಳಿದ ದಾರಿಗಳಿಲ್ಲವೇ ಎಂದು ಕೇಳಬಹುದು. ಜೆ-1 ಎಂಬ ವಿನಿಮಯದ ರಹದಾರಿಯೊಂದುಂಟು. 1961ನೆಯ ಕಾಯಿದೆಯ ಆಧಾರದ ಮೇಲೆ ನಡೆದುಬಂದಿರುವ ಈ ಏರ್ಪಾಡಿನಲ್ಲಿ ಸಂಶೋಧಕನು ಐದು ವರ್ಷಗಳವರೆಗೆ ಇರಬಹುದು. ಅವನ ಪತ್ನಿಯು ಅಪ್ಪಣೆಯನ್ನು ಪಡೆದು ಕೆಲಸ ಮಾಡಬಹುದು. ಎಚ್-1ಬಿಯವನ ಪತ್ನಿಗೆ ಸಾಮಾನ್ಯವಾಗಿ ಆ ಅವಕಾಶವಿಲ್ಲ. ಕೇಳುವುದಕ್ಕೆ ಇದು ಹಿತವಾಗಿಯೇ ಇದೆ. ಆದರೆ ಕಾಯಂ ಪ್ರಾಧ್ಯಾಪಕ ಹುದ್ದೆಯ ಹಾದಿಯಲ್ಲಿರುವ ಸ್ಥಾನಕ್ಕೆ ಜೆ-1ರ ಮೇಲೆ ಕರೆಸುವಂತಿಲ್ಲ. ಅವನು ಅತಿಥಿ, ಊಟವಾದ ಮೇಲೆ ಏಳತಕ್ಕವನು. ಅವಧಿಯ ಮಧ್ಯದಲ್ಲಿ, ತಾಯಿಯ ಕಾಯಿಲೆಗೋ ಮತ್ತಾವುದಕ್ಕೋ, ಕೆಲಸವನ್ನು ಮುಗಿಸಿಕೊಂಡು ಹೊರಟುಬಂದರೆ ಮಿಕ್ಕ ವರ್ಷಗಳು ಅವನಿಗೆ ದಕ್ಕುವುದಿಲ್ಲ. ಅದೇ ವರ್ಗದಲ್ಲಿ ಮರಳಿ ಹೋಗಬೇಕಾದರೆ ಇಪ್ಪತ್ತುನಾಲ್ಕು ತಿಂಗಳು ಕಾಯಬೇಕು. ಈ ಕಲಮನ್ನು ಓದದೆ ರುಜು ಹಾಕುವವರೇ ಹೆಚ್ಚು.

ಸ್ವದೇಶದಲ್ಲಿ ಎರಡು ವರ್ಷವಿರಬೇಕೆಂಬ ಕಟ್ಟಳೆಯು ಮತ್ತೊಂದು. ಸರಕಾರದ ಹಣದಿಂದ ಹೋದವರಿಗೆ, ಫುಲ್‌ಬ್ರೈಟ್ ವೇತನದವರೇ ಮೊದಲಾದವರಿಗೆ, ಅದು ಇಂದಿಗೂ ಅನ್ವಯಿಸುತ್ತದೆ. ಸ್ವದೇಶಕ್ಕೆ ಅತ್ಯವಶ್ಯವಾದ ವಿದ್ಯೆಗಳ ಪಟ್ಟಿಯೊಂದನ್ನು ಮಾಡಿ, ಆ ವಿದ್ಯೆಗಳನ್ನು ಕಲಿತವರೂ ಮರಳಬೇಕೆಂದು ವಿಧಿಸಿದ್ದರು. 2024ನೆಯ ಡಿಸೆಂಬರಿನಲ್ಲಿ ಆ ಪಟ್ಟಿಯಿಂದ ಭಾರತದ ಹೆಸರನ್ನು ತೆಗೆದರು. ತರುಣರು ಸಂತೋಷಪಟ್ಟರು, ಅವರ ಸಂತೋಷವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ, ಇವರ ವಿದ್ಯೆಯು ಇವರ ದೇಶಕ್ಕೆ ಬೇಕಾಗಿದೆಯೆಂದು ಅಚ್ಚಿನಲ್ಲಿ ಒಪ್ಪಿಕೊಂಡಿದ್ದ ಕಾಗದವೊಂದು ಅಳಿಸಿಹೋದಾಗ ನಮ್ಮಲ್ಲಿ ಅದನ್ನು ಕುರಿತು ಗಂಭೀರವಾದ ವಿಚಾರವೇ ನಡೆಯದಿದ್ದುದು ನಮಗೆ ಸ್ವಲ್ಪ ವಿಚಿತ್ರವಾಗಿ ಕಂಡಿತು.

ಓ-1 ಎಂಬುದು ಅಸಾಧಾರಣ ಪ್ರತಿಭೆಯುಳ್ಳವರ ರಹದಾರಿ. ಇದಕ್ಕೆ ಸಂಖ್ಯೆಯ ಮಿತಿಯಿಲ್ಲ. ಆದರೆ ಇಪ್ಪತ್ತೆಂಟು ವರ್ಷದ ಹುಡುಗನು ತಾನು ಅಸಾಧಾರಣನೆಂಬುದಕ್ಕೆ ದೊಡ್ಡವರಿಂದ ಪತ್ರಗಳನ್ನು ಬರೆಯಿಸಿ, ತನ್ನ ಹೊಗಳಿಕೆಯನ್ನು ತಾನೇ ಕಡತ ಕಟ್ಟಿ ಪರಸರಕಾರಕ್ಕೆ ಒಪ್ಪಿಸಬೇಕು. ನಮ್ಮ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ಇದು ಗಣಿತಕ್ಕಿಂತಲೂ ಕಠಿಣವಾದ ವಿದ್ಯೆ!

ಇನ್ನು ನಮ್ಮ ಮುಖ್ಯವಾದ ಆಕ್ಷೇಪಣೆಗೆ ಬರೋಣ. ಕೆನಡಾ ಮತ್ತು ಮೆಕ್ಸಿಕೋ ದೇಶಗಳ ಅಧ್ಯಾಪಕನು 1994ರಲ್ಲಿ ಜಾರಿಗೆ ಬಂದ ವ್ಯಾಪಾರದ ಒಪ್ಪಂದದಿಂದ ಹುಟ್ಟಿದ ಟಿಎನ್ ಎಂಬ ದಾರಿಯಿಂದ ಒಳಗೆ ಹೋಗುತ್ತಾನೆ. ಆಸ್ಟ್ರೇಲಿಯದವರಿಗೆ 2005ರಲ್ಲಿ ಇ-3 ಎಂಬ ಪ್ರತ್ಯೇಕವಾದ ರಹದಾರಿಯಾಯಿತು, ವರ್ಷಕ್ಕೆ 10,500. ಚಿಲಿಯವರಿಗೆ 1,400, ಸಿಂಗಪುರದವರಿಗೆ 5,400. ಈ 6,800ವನ್ನು ಮೇಲೆ ಹೇಳಿದ 65,000ದಿಂದಲೇ ಮೊದಲು ತೆಗೆದಿರಿಸುತ್ತಾರೆ, ಬಳಕೆಯಾಗದೆ ಉಳಿದುದು ಮಾತ್ರ ಆಮೇಲೆ ಮಿಕ್ಕವರಿಗೆ ಸಲ್ಲುತ್ತದೆ. ಇವೆಲ್ಲವೂ ವ್ಯಾಪಾರದ ಒಪ್ಪಂದಗಳ ಫಲ. ಬೆಂಗಳೂರು ನಗರಕ್ಕಿಂತಲೂ ಕಡಿಮೆ ಜನಸಂಖ್ಯೆಯ ಸಿಂಗಪುರವು ತನ್ನ ವಿದ್ಯಾವಂತರಿಗಾಗಿ ಒಪ್ಪಂದದಲ್ಲಿ ಒಂದು ಸಾಲನ್ನು ಬರೆಯಿಸಿಕೊಂಡಿತು. ಮಂಜೂರಾದ ಎಚ್-1ಬಿ ಅರ್ಜಿಗಳಲ್ಲಿ ಹತ್ತಕ್ಕೆ ಏಳರಷ್ಟು ಯಾವ ದೇಶದಲ್ಲಿ ಹುಟ್ಟಿದವರಿಗೆ ಸೇರಿವೆಯೋ, ಆ ದೇಶಕ್ಕೆ ಇಂತಹ ಒಂದು ಸಾಲೂ ಇಲ್ಲ.

ಹಕ್ಕಿನಿಂದ ಬರುವುದಕ್ಕೂ ಕೃಪೆಯಿಂದ ಬರುವುದಕ್ಕೂ ಇರುವ ವ್ಯತ್ಯಾಸವನ್ನು ನಮ್ಮವರು ಹಿಂದೆಯೇ ಅನುಭವಿಸಿದ್ದಾರೆ. 1923ರಲ್ಲಿ ಭಗತ್‌ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಭಾರತೀಯರು ಅಮೇರಿಕೆಯ ಪೌರತ್ವಕ್ಕೆ ಅರ್ಹರಲ್ಲವೆಂದು ಅಲ್ಲಿಯ ಪರಮೋಚ್ಚ ನ್ಯಾಯಾಲಯವು ತೀರ್ಪನ್ನಿತ್ತಿತು. 1946ರಲ್ಲಿ ಆ ನಿಷೇಧವು ಹೋಯಿತು. ಆದರೆ ಆಗ ಕೋಟ್ಯಂತರ ಜನರ ಭಾರತಕ್ಕೆ ಗೊತ್ತುಮಾಡಿದ ಪಾಲು ವರ್ಷಕ್ಕೆ ನೂರು! ಎಚ್-1ಬಿಯ ಶುಲ್ಕವನ್ನೂ ಸಂಖ್ಯೆಯನ್ನೂ ಕುರಿತು ನಮ್ಮ ಸರಕಾರವು 2016ರ ಮಾರ್ಚಿನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ತಕರಾರು ಹೂಡಿದ್ದನ್ನು ನಾವು ಮರೆತಿಲ್ಲ. ಆದರೆ ಆ ವಾದವು ಕಂಪನಿಗಳ ನೌಕರರನ್ನು ಕುರಿತದ್ದಾಗಿತ್ತು. ಅಧ್ಯಾಪಕರನ್ನೂ ಸಂಶೋಧಕರನ್ನೂ ಬೇರೆಯೇ ಒಂದು ವರ್ಗವಾಗಿ ಎಣಿಸಿ, ಅವರಿಗಾಗಿ ಬೇರೆಯೇ ಒಂದು ಕಲಮನ್ನು ಕೇಳತಕ್ಕದ್ದು. ಯಂತ್ರ, ಧಾನ್ಯ, ಔಷಧಗಳ ಸುಂಕವನ್ನು ಕುರಿತು ತಿಂಗಳುಗಟ್ಟಲೆ ಚೌಕಾಸಿ ಮಾಡುವ ಅಧಿಕಾರಿಗಳಿಗೆ ಇದು ಅಸಾಧ್ಯವಾದ ಕೆಲಸವಲ್ಲ.

ಹೋಗುವವರನ್ನು ತಡೆಯಬೇಕೆಂಬುದು ನಮ್ಮ ವಾದವಲ್ಲವೆಂಬುದನ್ನು ಸ್ಪಷ್ಟಪಡಿಸುತ್ತೇವೆ. ಮೈಸೂರಿನ ಎ. ಕೆ. ರಾಮಾನುಜನ್ ಅವರು 1959ರಲ್ಲಿ ಫುಲ್‌ಬ್ರೈಟ್ ವೇತನದ ಮೇಲೆ ಇಂಡಿಯಾನಾ ವಿಶ್ವವಿದ್ಯಾನಿಲಯಕ್ಕೆ ಹೋದರು. ಮುಂದೆ ಷಿಕಾಗೋದಲ್ಲಿ ಕುಳಿತು ನಮ್ಮ ವಚನಗಳನ್ನು ಜಗತ್ತಿನ ಮುಂದಿಟ್ಟರು. ಅದೇ 1959ರಲ್ಲಿ ಸಿ. ಎನ್. ಆರ್. ರಾವ್ ಅವರು ಅಮೇರಿಕೆಯಿಂದ ಮರಳಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಇಬ್ಬರಿಂದಲೂ ನಾಡಿಗೆ ಲಾಭವೇ ಆಯಿತು. ಆದರೆ ರಾವ್ ಅವರು ಮರಳಿದಾಗ ಅವರನ್ನು ಸೇರಿಸಿಕೊಳ್ಳಲು ಇಲ್ಲಿ ಒಂದು ಹುದ್ದೆಯಿತ್ತು. ನಮ್ಮ ಸರಕಾರಿ ಕಾಲೇಜುಗಳಲ್ಲಿ ಸಾವಿರಾರು ಜನ ಅತಿಥಿ ಉಪನ್ಯಾಸಕರೆಂಬ ಹೆಸರಿನಿಂದ ವರ್ಷ ವರ್ಷವೂ ಹೊಸ ಆದೇಶವನ್ನು ಕಾಯುತ್ತ ಪಾಠ ಹೇಳುತ್ತಿರುವಾಗ, ಪರದೇಶದವರು ನಮ್ಮವರನ್ನು ತಾತ್ಕಾಲಿಕರೆಂದು ಕರೆದುದಕ್ಕೆ ಕೋಪಿಸಿಕೊಳ್ಳುವ ನಮ್ಮ ಧ್ವನಿಗೆ ಎಷ್ಟು ಬಲವಿದ್ದೀತು?

ದೆಹಲಿಯ ಕೆಲಸವು ದೆಹಲಿಯಲ್ಲಾಗಲಿ. ಅದರ ಹಾದಿಯನ್ನು ಕಾಯದೆ ನಮ್ಮ ವಿಶ್ವವಿದ್ಯಾನಿಲಯಗಳು ತಾವೇ ಮಾಡಬಹುದಾದ ಒಂದು ಕೆಲಸವಿದೆ. ಎಚ್-1ಬಿಯ ಅರ್ಜಿಯು ಕರೆಸಿಕೊಳ್ಳುವ ವಿಶ್ವವಿದ್ಯಾನಿಲಯದ್ದು, ವಿದ್ವಾಂಸನದಲ್ಲ. ಕೆಲಸವು ಹೋದರೆ ಅವನಿಗೆ ಸಿಕ್ಕುವ ಗಡುವು ಹೆಚ್ಚೆಂದರೆ ಅರವತ್ತು ದಿನ. ಯಾವ ರಹದಾರಿಯ ಮೇಲೆ ಕರೆಸುತ್ತೀರಿ, ಮರಳುವ ಕಟ್ಟಳೆಯುಂಟೇ, ಶುಲ್ಕವನ್ನು ತೆರುವವರಾರು ಎಂಬ ಪ್ರಶ್ನೆಗಳನ್ನು ಹೊರಡುವ ಮುನ್ನವೇ ಕೇಳಿಸಿ, ಉತ್ತರವನ್ನು ಬರಹದಲ್ಲಿ ತರಿಸಿಕೊಡಬಲ್ಲ, ಕಾಯಿದೆಯನ್ನು ಬಲ್ಲ ಒಬ್ಬ ಅಧಿಕಾರಿಯನ್ನು ಪ್ರತಿಯೊಂದು ವಿಶ್ವವಿದ್ಯಾನಿಲಯವೂ ನೇಮಿಸಬೇಕು. ಅಮೇರಿಕೆಯ ವಿಶ್ವವಿದ್ಯಾನಿಲಯಗಳಲ್ಲಿ ಪರದೇಶದ ವಿದ್ವಾಂಸರಿಗೆಂದೇ ಕಚೇರಿಗಳಿವೆ. ಅವು ನೋಡುವುದು ತಮ್ಮ ಸಂಸ್ಥೆಯ ಅನುಕೂಲವನ್ನು. ನಮ್ಮ ಹುಡುಗನ ಅನುಕೂಲವನ್ನು ನೋಡುವ ಮೇಜೊಂದು ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿ ಇರಲಿ. ಮುಂದಿನ ಆಯವ್ಯಯ ಪತ್ರದಲ್ಲಿ ಇದಕ್ಕೆ ತಗಲುವ ಅಲ್ಪ ಖರ್ಚನ್ನು ಸೇರಿಸುವಂತೆ ಉನ್ನತ ಶಿಕ್ಷಣ ಇಲಾಖೆಯವರನ್ನು ಒತ್ತಾಯಪಡಿಸುತ್ತೇವೆ.